ಬಚ್ಚಲುಮನೆಯ ಗೋಡೆ

ಇವತ್ತು ಬೆಳಗ್ಗೆ ಲಾಡ್ಜಿನ ಬಚ್ಚಲಿಗೆ ಎರಡು ಚೊಂಬು ನೀರು ಚಿಮುಕಿಸಿ ಬಾಗಿಲು ಹಾಕಿಕೊಂಡೆ. ಕಾದ ಸಿಮೆಂಟಿನಿಂದ ಹಸಿ ವಾಸನೆ ಎದ್ದಿತು. ಅಷ್ಟು ಬೆಲೆಯ ಕ್ಯಾಮೆರಾವನ್ನು ಬಚ್ಚಲಲ್ಲಿ ಕೂತು ಬಿಚ್ಚುವವನನ್ನು ನೀವು ನೋಡಿರಲಿಕ್ಕಿಲ್ಲ. ನಗಬೇಡಿ. ನೀರು ಬಿದ್ದರೆ ಧೂಳು ಅಡಗುತ್ತದೆ; ಇದು ಸಿನಿಮಾ ಕಾಲೇಜಿನ ನಮ್ಮ ಮೇಷ್ಟ್ರು ಹೇಳಿಕೊಟ್ಟ ಉಪಾಯ. ಆದರೆ ಈ ವಾಸನೆ ಮೂಗಿಗೆ ಬಂದಾಗ ನೆನಪಾಗುವುದು ಮೇಷ್ಟ್ರಲ್ಲ, ದೊಡ್ಡಉಳ್ಳಾರ್ತಿಯ ಮಂಜುಳಾಳ ಅವ್ವ.

ಮಂಜುಳಾ ನನ್ನ ಸಹಪಾಠಿ. ಕೊನೆಯ ವರ್ಷದ ಪರೀಕ್ಷೆಗೆಂದು ಒಂದು ಪುಟ್ಟ ಚಿತ್ರ ಮಾಡಬೇಕಿತ್ತು. ನಿರ್ದೇಶನ ಅವಳದು, ಕ್ಯಾಮೆರಾ ನನ್ನದು. ನನ್ನದೆಂದರೆ ಕಾಲೇಜಿನದೇ, ಹೊರುವ ಭಾಗ್ಯ ಮಾತ್ರ ನನ್ನದು. ಚಳ್ಳಕೆರೆಯಿಂದ ಅವಳೂರಿನ ತನಕ ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದವರು ಸೀಟಿನಲ್ಲಿ ಸ್ವಲ್ಪ ಸರಿಯಿರಿ ಎಂದರೆ, ಈ ಚೀಲದೊಳಗೆ ಏನಿದೆ ಗೊತ್ತೇನ್ರಿ ಎಂದು ಗತ್ತು ತೋರಿಸಿದ್ದೆ. ಅವರು ಕೋಳಿಮರಿಯೇ ಎಂದು ಕೇಳಿದರು.

ಚಿತ್ರ ಇದ್ದದ್ದು ಮಂಜುಳಾಳ ಅವ್ವನ ಬಗ್ಗೆ, ಊರಾಚೆಯ ಹುಲ್ಲುಬಯಲಾದ ಕಾವಲಿನಲ್ಲಿ ಅವಳು ಕುರಿ ಮೇಯಿಸುವ ಬಗ್ಗೆ. ಆದರೆ ಅವ್ವ ಒಲ್ಲೆ ಎಂದು ಕೂತಿದ್ದಳು.

"ಈ ಮನೆ ಗ್ವಾಡಿ ಮ್ಯಾಲೆ ಹತ್ತಿರೋರೆಲ್ಲ ಹೋದೋರೇ ಕಣಪ್ಪ. ಇವ್ಳಪ್ಪ ಅವ್ನೆ, ನಮ್ಮತ್ತೆ ಅವ್ಳೆ. ನನಗಿನ್ನೂ ಕುರಿ ಮೇಯಿಸೋದೈತೆ."

"ಇದು ಆ ಥರ ಫೋಟೋ ಅಲ್ಲವ್ವ, ಸಿನಿಮಾ," ಎಂದಳು ಮಂಜುಳಾ.

"ಅದ್ನೂ ಗ್ವಾಡಿ ಮ್ಯಾಲೆ ತಾನೆ ಬಿಡೋದು?"

ಅವ್ವ ಇಲ್ಲದೆ ಚಿತ್ರವಿಲ್ಲ, ಚಿತ್ರವಿಲ್ಲದೆ ಮಂಜುಳಾ ಪಾಸಾಗುವ ಹಾಗಿಲ್ಲ. ಆದರೂ ಒತ್ತಾಯ ಮಾಡಬೇಡ ಎಂದು ಅವಳೇ ನನಗೆ ಕಣ್ಣಲ್ಲಿ ಹೇಳಿದಳು. ಮಾಡಲು ಬೇರೇನೂ ತೋಚದೆ ನಾನು ಕ್ಯಾಮೆರಾ ಸಜ್ಜು ಮಾಡಲು ಕೂತೆ. ಬ್ಯಾಟರಿ ತುಂಬಿಸಿ, ಕಾರ್ಡು ಖಾಲಿ ಮಾಡಿ, ಕೊನೆಗೆ ಕಾವಲಿನ ಬರಿಯ ಆಕಾಶಕ್ಕೆ ಲೆನ್ಸ್ ತಿರುಗಿಸಿದೆ. ಕ್ಯಾಮೆರಾದ ಪರದೆಯ ಮೇಲೆ ಮೂರು ಕಪ್ಪು ಚುಕ್ಕೆ ಕಂಡವು.

ಅವ್ವ ಬಗ್ಗಿ ನೋಡಿ, "ಹದ್ದು," ಎಂದಳು. ನಾನು ಕ್ಯಾಮೆರಾ ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. "ಇವೆಂಥ ಹದ್ದಪ್ಪ, ನೀನು ತಿರುಗಿದ ಕಡಿಗೆಲ್ಲ ಬರ್ತಾವೆ," ಎಂದು ಸೆರಗು ಬಾಯಿಗಿಟ್ಟು ನಕ್ಕಳು.

ಹದ್ದಲ್ಲ, ಧೂಳು. ಲೆನ್ಸಿನ ಹಿಂದೆ, ಬಂದ ಬೆಳಕನ್ನೆಲ್ಲ ಹಿಡಿದುಕೊಳ್ಳುವ ಸೆನ್ಸರ್ ಎಂಬ ಪುಟ್ಟ ಗಾಜಿನ ಮೇಲೆ ಕೂತ ಧೂಳು. ಲೆನ್ಸ್ ಬಿಚ್ಚಿ ಊದಿ ತೆಗೆಯಬೇಕು. ಆ ಊರಿನ ಗಾಳಿಯಲ್ಲಿ ಬಿಚ್ಚಿದರೆ ಮೂರು ಹೋಗಿ ಮೂವತ್ತು ಬಂದು ಕೂರುತ್ತವೆ. ಬಚ್ಚಲುಮನೆ ಬೇಕು ಎಂದೆ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿ, ಗಂಡಸರು ನೀರು ಬಿಡಲು ಹೋಗುವ ತೆಂಗಿನಮರದ ದಾರಿ ತೋರಿಸಿದಳು. ನನಗಲ್ಲ, ಕ್ಯಾಮೆರಾಕ್ಕೆ ಎಂದ ಮೇಲೆ ಅವಳೇ ನೀರು ಚಿಮುಕಿಸಲು ಬಂದಳು, ಹಿಂದೆಯೇ ಮಂಜುಳಾ. ಹೊಗೆ ಹೋಗುವ ಕಿಂಡಿಗೆ ತನ್ನ ಕಂಬಳಿ ತುರುಕಿ, ತಗಡಿನ ಬಾಗಿಲು ಎಳೆದುಕೊಂಡಳು. ಇನ್ನು ತೆರೆದರೆ ಗಾಳಿ ನುಗ್ಗುತ್ತದೆಂದು ಮೂವರೂ ಒಳಗೇ ಉಳಿದೆವು. ಧೂಳು ಕೂರಲಿ ಎಂದು ನಾನು ಟಾರ್ಚ್ ಆರಿಸಿದೆ.

ಕತ್ತಲೆಗೆ ಕಣ್ಣು ಹೊಂದಿಕೊಂಡಂತೆ ಎದುರಿನ ಸುಣ್ಣದ ಗೋಡೆಯ ಮೇಲೆ ಏನೋ ಅಲುಗಾಡಿತು. ಮೊದಲು ನೀಲಿ, ಅದರ ಮೇಲೆ ಹಸಿರು. ಬೆರಗಾದಾಗ ಮೊಳಕಾಲ್ಮುರಿನವನಾದ ನನ್ನ ಬಾಯಿಗೆ ಮನೆಯ ತೆಲುಗೇ ಬರುವುದು. "ಚೂಡಮ್ಮಾ," ಎಂದೆ, ನೋಡಮ್ಮಾ ಎಂದು. ಗೋಡೆಯ ತುಂಬ ಇಡೀ ಅಂಗಳ ತಲೆಕೆಳಗಾಗಿ ನಿಂತಿತ್ತು. ಬೇವಿನಮರ ಮೇಲಿನಿಂದ ಕೆಳಕ್ಕೆ ಇಳಿದಿತ್ತು, ಅದರ ಎಲೆಗಳು ಗಾಳಿಗೆ ತೂಗುತ್ತಿದ್ದವು. ಕಟ್ಟಿಹಾಕಿದ ಕುರಿಮರಿ ಚಾವಣಿಗೆ ಕಾಲು ಕೊಟ್ಟು ಮೇಯುತ್ತಿತ್ತು. ತಗಡಿನ ಬಾಗಿಲಲ್ಲಿ ಮೊಳೆ ಕಿತ್ತ ಒಂದು ತೂತು, ಅದರಿಂದ ಬಂದ ಬೆಳಕು ಹೊರಗಿನದನ್ನೆಲ್ಲ ತಲೆಕೆಳಗಾಗಿ ಗೋಡೆಗೆ ಬಿಡಿಸಿತ್ತು, ಅಷ್ಟೇ. ಪಾಠದಲ್ಲಿ ಇದನ್ನು ಓದಿ ಅಂಕವನ್ನೂ ಪಡೆದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನಾನು ತೊಡೆಯ ಮೇಲಿಟ್ಟು ಮೆರೆದ ಯಂತ್ರದ ಹೊಟ್ಟೆಯೊಳಗೆ ನಾವೇ ಕೂತಿದ್ದೆವು.

ಗೋಡೆಯ ಮೇಲೆ ಒಬ್ಬ ಹೆಂಗಸು ಕೊಡ ಹೊತ್ತು ತಲೆಕೆಳಗಾಗಿ ನಡೆದುಹೋದಳು.

"ನಮ್ಮ ಬೋರಕ್ಕ," ಎಂದಳು ಅವ್ವ, ಪಿಸುಮಾತಿನಲ್ಲಿ. ಪಕ್ಕದ ಮನೆಯಾಕೆ. ಆಮೇಲೆ ಗಟ್ಟಿಯಾಗಿ ಕೂಗಿದಳು: "ಬೋರಕ್ಕಾ, ಎಲ್ಲಿಗೆ ಹೋಗ್ತೀಯಾ?"

ಗೋಡೆಯ ಮೇಲಿದ್ದವಳು ನಿಂತು ತಿರುಗಿದಳು. "ನೀರಿಗೆ ಕಣೆ," ಎಂಬ ಮಾತು ಹೊರಗಿನಿಂದ ಬಂತು.

ಅವ್ವ ಕೂತಲ್ಲೇ ಗೋಡೆಯ ಕಡೆ ಬಾಗಿದಳು. "ಗ್ವಾಡಿ ಮ್ಯಾಲೆ ಅವ್ಳೆ. ಮಾತೂ ಆಡ್ತಾಳೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಎದ್ದಳು. "ಇರ್ರಿ, ನಾನು ಹೋಗಿ ನಿಂತ್ಕಂತೀನಿ. ಕಾಣ್ತೀನೇನೋ ನೋಡ್ರಿ."

ಬಾಗಿಲು ತೆರೆಯಿತು, ಅಡಗಿದ್ದ ಧೂಳೆಲ್ಲ ಮತ್ತೆ ಎದ್ದಿತು. ಬೇಡ ಎನ್ನಲು ಬಾಯಿ ತೆರೆದ ನನ್ನ ಕೈಯನ್ನು ಮಂಜುಳಾ ಗಟ್ಟಿಯಾಗಿ ಹಿಡಿದುಕೊಂಡಳು. ಬಾಗಿಲು ಮತ್ತೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಅವ್ವ ಬಂದಳು. ಬಿಸಿಲಿನ ನಡುವೆ ನಿಂತು, ಸೆರಗು ಸರಿಮಾಡಿಕೊಂಡು, ಒಂದು ಕೈ ಎತ್ತಿದಳು.

"ಕಾಣ್ತೀನಾ?"

"ಕಾಣ್ತೀಯ ಅವ್ವ. ಇನ್ನೊಂದಿಷ್ಟು ಹೊತ್ತು ನಿಂತ್ಕ," ಎಂದಳು ಮಂಜುಳಾ.

ಅವ್ವ ನಿಂತಳು. ಮಾರನೆಯ ದಿನ ಕಾವಲಿನಲ್ಲಿ, ಕ್ಯಾಮೆರಾದ ಮುಂದೆಯೂ ನಿಂತಳು.

ಅದಕ್ಕೂ ಮೊದಲು ಬೆಳಕು ನೋಡಲೆಂದು ಯಾರಾದರೂ ಬಂದು ನಿಲ್ಲಿ ಎಂದು ಕೂಗುತ್ತಿದ್ದವನು ನಾನು. ಯಾರು ನಿಂತರೂ ನನಗೆ ಒಂದೇ ಆಗಿತ್ತು. ಈಗ ಸೆನ್ಸರ್ ಶುದ್ಧವಾಗಿದೆ, ಲಾಡ್ಜಿನ ಬಚ್ಚಲಿನ ಬಾಗಿಲು ತೆರೆದು ಹೊರಗೆ ಬಂದಿದ್ದೇನೆ. ಇವತ್ತಿನ ಚಿತ್ರದ ಹೆಂಗಸು ಆಗಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಕ್ಯಾಮೆರಾದ ಮುಂದೆ ನಿಲ್ಲುತ್ತೀರಾ ಎಂದು ಕೇಳಿದೆ. ಅವರು ಇನ್ನೂ ಯೋಚಿಸುತ್ತಿದ್ದಾರೆ. ನಾನು ಲೆನ್ಸಿನ ಮುಚ್ಚಳ ತೆಗೆಯದೆ ಕಾಯುತ್ತಿದ್ದೇನೆ.