ಕುಡಿದದ್ದು ಇಂಜಿನ್ನು

ಮಹಿಬೂಬ್ ಚಾಚಾ, ನಿಮ್ಮನ್ನು ಕುಡುಕನನ್ನಾಗಿ ಮಾಡಿದವನು ನಾನು. ದೋಣಿಯ ಸಾವ್ಕಾರರ ಕಿವಿ ಊದಿದವರು ಯಾರೆಂದು ಎಂಟು ವರ್ಷದಿಂದ ಘಾಟಿನ ಅಂಗಡಿಯವರನ್ನೆಲ್ಲ ಅನುಮಾನಿಸುತ್ತ ಬಂದಿರಿ — ಅವರಲ್ಲಿ ಯಾರೂ ಅಲ್ಲ. ನಾನು, ನಿಮ್ಮ ಮೆಕ್ಯಾನಿಕ್ ಬಸು.

ಗಾಣಗಾಪುರದ ದೋಣಿ ನಡುಹೊಳೆಯಲ್ಲಿ ನಿಂತ ದಿನ ನೆನಪಿದೆಯಲ್ಲ? ತುಂಬ ಭಕ್ತರು, ಚೀರಾಟ. ನೀವು ಗಳ ಹಾಕಿ ಹೇಗೋ ದಡ ಮುಟ್ಟಿಸಿದಿರಿ. ಯಾರಿಗೂ ಏನೂ ಆಗಲಿಲ್ಲ. ನನ್ನನ್ನು ಕರೆಸಿ ನೀವು ಭಕ್ತರನ್ನು ಬಸ್ಸಿಗೆ ಕಳಿಸಲು ಹೋದಿರಿ. ನಾನೊಬ್ಬನೇ ದೋಣಿಯ ಹೊಟ್ಟೆಯೊಳಗೆ ಇಳಿದು ಆಯಿಲ್ ಅಳೆಯುವ ಕಡ್ಡಿ ಎಳೆದರೆ, ಆಯಿಲ್ ಹಾಲು ಬೆರೆಸಿದ ಚಹಾದಂತಿತ್ತು. ಇಂಜಿನ್ನಿಗೆ ನೀರು ಹೊಕ್ಕಿದೆ, ಸರಿ — ಎಲ್ಲಿಂದ? ಇಂಜಿನ್ನಿನ ಹೆಡ್ ಬಿಚ್ಚಿದೆ, ನೀರು ತಡೆಯುವ ಗ್ಯಾಸ್ಕೆಟ್ ಚೊಕ್ಕಾಗಿತ್ತು. ಬಿರುಕು ಹುಡುಕಿದೆ, ಇರಲಿಲ್ಲ. ಕೊನೆಗೆ ಹೊಗೆ ಹೋಗುವ ಬಾಯಿಗೆ ಬೆರಳಿಟ್ಟೆ. ಒದ್ದೆ, ತುಕ್ಕು...

ಆ ಹೊಗೆ ಪೈಪು ಹಿಂದಿನ ತಿಂಗಳು ನಾನೇ ಹಾಕಿದ್ದು. ನೀರು ವಾಪಸು ನುಗ್ಗಬಾರದೆಂದು ಅದನ್ನು ಮೇಲಕ್ಕೆ ಎತ್ತಿ, ಬಾಗಿಸಿ, ಆಮೇಲೆ ಹೊರಗೆ ಬಿಡಬೇಕು. ತಂದ ಪೈಪು ಗಿಡ್ಡವಾಗಿತ್ತು. ಇನ್ನೊಂದಕ್ಕಾಗಿ ಮತ್ತೆ ಕಲಬುರಗಿಗೆ ಯಾರು ಹೋಗಬೇಕೆಂದು ನೆಟ್ಟಗೆ ಜೋಡಿಸಿಬಿಟ್ಟೆ. ಹೊಲದ ಪಂಪಿನ ಇಂಜಿನ್ನಿಗೆ ಹಾಗೆ ನಡೆಯುತ್ತದೆ. ಹೊಳೆಯ ಮೇಲೆ ನಡೆಯುವುದಿಲ್ಲ — ಗೊತ್ತಿತ್ತು ನನಗೆ.

ಅಷ್ಟರಲ್ಲಿ ಅಫಜಲಪುರದಿಂದ ಸಾವ್ಕಾರರ ಫೋನು.

“ಏನಾಗ್ಯದೋ ಬಸು?”

“ಕುಡದದ್ರಿ,” ಅಂದೆ. ನಮ್ಮ ಗ್ಯಾರೇಜಿನ ಮಾತು ಅದು — ಇಂಜಿನ್ ನೀರು ಕುಡಿದಿದೆ ಅಂತ. ಗಾಳಿಯಲ್ಲಿ, ಹರಿದು ಹರಿದು ಬರುವ ದನಿಯಲ್ಲಿ ಅವರಿಗೆ ಬೇರೆಯೇ ಕೇಳಿಸಿತು.

“ಕುಡದಾನ? ಮಹಿಬೂಬ ಕುಡದು ದೋಣಿ ನಡಸಾಕತ್ತಾನ?”

ಒಂದೇ ಉಸಿರಿನಲ್ಲಿ ತಿದ್ದಬಹುದಿತ್ತು. ಆದರೆ ಕುಡಿದದ್ದು ಇಂಜಿನ್ ಎಂದರೆ ಹೇಗೆ ಕುಡಿಯಿತು ಎನ್ನುತ್ತಾರೆ, ಹೇಗೆ ಎಂದರೆ ಪೈಪು, ಪೈಪು ಎಂದರೆ...

“ಹೌದ್ರಿ,” ಅಂದೆ.

ತಪ್ಪಾಗಿ ಕೇಳಿಸಿಕೊಂಡವರು ಅವರು. ಆ ‘ಹೌದ್ರಿ’ ಮಾತ್ರ ಪೂರಾ ನನ್ನದು.

ಮರುದಿನವೇ ನಿಮ್ಮನ್ನು ದೋಣಿಯಿಂದ ಇಳಿಸಿದರು. ನೀವು ನನ್ನ ಹತ್ತಿರವೇ ಬಂದಿರಿ. “ಇಂಜಿನ್ ಬಿಚ್ಚಿ ನೋಡಿದವ ನೀ. ನೀನರ ಸಾವ್ಕಾರಗ ಹೇಳೋ. ಅಲ್ಲಾನ ಆಣಿ, ನಾ ಒಂದಿನಾನೂ ಮುಟ್ಟಿದವ ಅಲ್ಲ.” ಹೇಳ್ತೇನ್ರಿ ಚಾಚಾ, ಅಂದೆ. ಹೇಳಲಿಲ್ಲ. ಉದ್ದನೆಯ ಪೈಪು ತಂದು, ಬಾಗಿಸಬೇಕಾದಲ್ಲಿ ಬಾಗಿಸಿ, ಸದ್ದಿಲ್ಲದೆ ಕೂರಿಸಿದೆ. ಆಮೇಲೆ ಇಂಜಿನ್ ಒಂದು ಹನಿ ನೀರು ಕುಡಿಯಲಿಲ್ಲ. ಹೊಸಬ ಬಂದ ಮೇಲೆ ದೋಣಿ ಒಮ್ಮೆಯೂ ನಿಂತಿಲ್ಲ, ಹಾಗಾದರೆ ಆ ಮುದುಕ ಕುಡಿಯುತ್ತಿದ್ದದ್ದು ಖರೆ — ಘಾಟಿನಲ್ಲಿ ಜನ ಹೀಗೆ ಆಡಿಕೊಂಡರು. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಹೋದ ವಾರ, ದೋಣಿ ಹೋದ ಮೇಲೆ ನೀವು ಹಾಕಿಕೊಂಡ ತೆಂಗಿನಕಾಯಿ ಗಾಡಿಯ ಮುಂದೆ ನಿಂತಾಗ, ಮಾತಿಗೆ ಮೊದಲು ನೀವು ನನ್ನ ಮುಖದ ಹತ್ತಿರ ಬಂದು ಒಮ್ಮೆ ಉಸಿರು ಬಿಟ್ಟಿರಿ — ವಾಸನೆ ಇಲ್ಲ ನೋಡು, ಎಂಬಂತೆ. ಎಲ್ಲರ ಮುಂದೆಯೂ ಹೀಗೇ ಮಾಡುತ್ತೀರಂತೆ, ರೂಢಿಯಾಗಿಬಿಟ್ಟಿದೆಯಂತೆ. ನನ್ನ ಮುಂದೆಯೂ, ಚಾಚಾ! ಆ ಉಸಿರಿನಲ್ಲಿ ಏಲಕ್ಕಿಯ ವಾಸನೆ ಇತ್ತು. ನಾಚಿಕೆಯಿಂದ ಸತ್ತುಹೋದೆ.

ಈ ಕಾಗದ ನಿಮ್ಮ ಕೈಗಿಟ್ಟು ಅಫಜಲಪುರದ ಬಸ್ ಹತ್ತುತ್ತೇನೆ. ಸಾವ್ಕಾರರನ್ನು ಕರೆದುಕೊಂಡೇ ಬರುತ್ತೇನೆ. ಅವರು ಬರದಿದ್ದರೆ ಒಬ್ಬನೇ ಬಂದು ಘಾಟಿನ ಮೆಟ್ಟಿಲ ಮೇಲೆ ನಿಂತು, ಅಂದು ಆಡಿಕೊಂಡವರೆಲ್ಲ ಕೇಳುವಂತೆ ಹೇಳುತ್ತೇನೆ. ಆ ಹೊತ್ತಿಗೆ ನೀವು ನನ್ನ ಹತ್ತಿರ ಬರಬೇಡಿ, ಉಸಿರು ತೋರಿಸಬೇಡಿ. ಕುಡಿದದ್ದು ಇಂಜಿನ್ನು. ಕುಡಿಸಿದವನು ನಾನು.