ಎರಡು ಗಾಜುಗಳ ನಡುವೆ

ನನ್ನಣ್ಣ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ನಮ್ಮ ಬೀದಿಯ ಅರ್ಧ ಜನರ ಮೂಗಿನ ಮೇಲೆ ಅವನ ಕೆಲಸ ಕೂತಿದೆ. ಮಾತಿನಲ್ಲಿ ಮಾತ್ರ ಮಹಾ ಜಿಪುಣ. ಇಬ್ಬರ ಪಾಲಿನ ಮಾತನ್ನೂ ಅತ್ತಿಗೆಯೇ ಆಡುತ್ತಿದ್ದಳು. ಅವಳು ತೀರಿಕೊಂಡಾಗ ಅವನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದ, ನೀರು ಕೊಟ್ಟ, ಎಲ್ಲ ಮುಗಿದ ಮೇಲೆ ಅಂಗಡಿಗೆ ಹೋದ. ಪಕ್ಕದ ಬೀದಿಯಲ್ಲಿರುವ ತಂಗಿ ನಾನು, ದಿನವೂ ಬಂದು ಅಡುಗೆ ಮಾಡಿ ಬಡಿಸುತ್ತಿದ್ದೆ. ಒಮ್ಮೆ ಬೇಕೆಂದೇ ಯಾವುದಕ್ಕೂ ಉಪ್ಪು ಹಾಕಲಿಲ್ಲ. ತುಟಿಪಿಟಕ್ಕೆನ್ನದೆ ಉಂಡು ತಟ್ಟೆ ತೊಳೆದಿಟ್ಟ. ನನಗೆ ನಿಜವಾಗಿ ಹೆದರಿಕೆಯಾದದ್ದು ಅವತ್ತು. ಅವಳ ಜೊತೆ ಇವನೂ ಹೋಗಿಬಿಟ್ಟ, ನಾನು ಬರೀ ಅಂಗಿಗೆ ಊಟ ಹಾಕುತ್ತಿದ್ದೇನೆ ಅನ್ನಿಸಿತು.

ಗಂಡಹೆಂಡಿರಿಬ್ಬರಿಗೂ ಇದ್ದ ಹುಚ್ಚು ಒಂದೇ, ಅತ್ತಿಗೆಯ ತಂದೆ ಬಿಟ್ಟುಹೋದ ಹಿತ್ತಾಳೆ ದುರ್ಬೀನು. ಕತ್ತಲಾದೊಡನೆ ಅದನ್ನು ತಾರಸಿಗೆ ಹೊತ್ತೊಯ್ಯುತ್ತಿದ್ದರು. ಅದರಲ್ಲಿ ನಕ್ಷತ್ರ ಸಿಕ್ಕರೂ ನಿಲ್ಲುವುದಿಲ್ಲ, ನೋಡನೋಡುತ್ತಲೇ ಅಂಚಿಗೆ ಜಾರುತ್ತದೆ. ಅದಕ್ಕೇ ಅಣ್ಣ ಹುಡುಕುವುದು, ಸಿಕ್ಕ ತಕ್ಷಣ ಪಕ್ಕಕ್ಕೆ ಸರಿದು "ಇವಳೇ, ಬೇಗ ಬಾ" ಎನ್ನುವುದು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದು. ಅವನ ಬಾಯಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ.

ಅತ್ತಿಗೆ ಹಾಸಿಗೆ ಹಿಡಿದ ಮೇಲೆ ಅಣ್ಣನೂ ತಾರಸಿ ಹತ್ತುವುದನ್ನು ಬಿಟ್ಟ. ನೀವಾದರೂ ನೋಡಿ ಬಂದು ನನಗೆ ಹೇಳಿ ಎಂದು ಅವಳು ದುಂಬಾಲು ಬಿದ್ದಳು. ಗಾಜಿಗೆ ಬೂಷ್ಟು ಹಿಡಿದಿದೆ, ಏನೂ ಕಾಣುವುದಿಲ್ಲ ಎಂದ. ದುರ್ಬೀನು ಅವಳ ಮಂಚದ ಪಕ್ಕದ ಮೂಲೆ ಸೇರಿತು.

ಉಪ್ಪಿಲ್ಲದ ಊಟದ ಮರುದಿನ ನಾನು ಆ ಬೂಷ್ಟಿನ ಮಾತನ್ನೇ ಹಿಡಿದುಕೊಂಡೆ. ಅಂಗಡಿಯಲ್ಲಿ ಕಂಡವರ ಗಾಜನ್ನೆಲ್ಲ ತೊಳೆಯುತ್ತೀಯ, ಮನೆಯದನ್ನು ತೊಳೆಯಲು ಏನು ರೋಗ ಎಂದು ಜಬರಿಸಿದೆ. ಬೇಡ ಅನ್ನುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಟವಲು ಹಾಸಿ ಕೂತ.

ದುರ್ಬೀನಿನ ಮುಂದಿನ ದೊಡ್ಡ ಗಾಜು ನಿಜಕ್ಕೂ ಎರಡು ಗಾಜು, ಒಂದು ಉಬ್ಬಿದ್ದು, ಇನ್ನೊಂದು ತಗ್ಗಿದ್ದು. ಒಂದಕ್ಕೊಂದು ತಾಗದಂತೆ ಅಂಚಿನಲ್ಲಿ ಮೂರು ತೆಳು ತಗಡಿನ ಚೂರು ಇಟ್ಟಿರುತ್ತಾರೆ. ಎರಡನ್ನೂ ಬಿಗಿದಿಟ್ಟ ಹಿತ್ತಾಳೆ ಬಳೆ ಹಳೆಯದು, ಜಗ್ಗುವುದಿಲ್ಲವೆಂದು ಅಣ್ಣ ಎಣ್ಣೆ, ರಬ್ಬರಿನ ಪಟ್ಟಿ ಎಲ್ಲ ತಂದಿಟ್ಟುಕೊಂಡಿದ್ದ. ಬಳೆ ಬೆರಳಿಗೇ ತಿರುಗಿಬಿಟ್ಟಿತು. ಅವನ ಕೈ ಅಲ್ಲೇ ನಿಂತಿತು.

"ಇದನ್ನ ಯಾರೋ ಬಿಚ್ಚಿದ್ದಾರೆ," ಅಂದ.

ಗಾಜುಗಳನ್ನು ಬಿಡಿಸುವ ಮೊದಲು, ಮತ್ತೆ ಅದೇ ಜೋಡಿಗೆ ಕೂರಲೆಂದು, ಎರಡರ ಅಂಚಿಗೂ ಸೇರಿಸಿ ಒಂದು ಗೆರೆ ಎಳೆಯಬೇಕು. ಅಲ್ಲಿ ಆಗಲೇ ಗೆರೆಯಿತ್ತು, ಹುಬ್ಬು ತೀಡುವ ಪೆನ್ಸಿಲಿನದು. ಒಳಗೆ ಬೂಷ್ಟೂ ಇಲ್ಲ, ಧೂಳೂ ಇಲ್ಲ. ನಡುವಿನ ಮೂರು ಚೂರುಗಳು ಮಾತ್ರೆ ಪಟ್ಟಿಯ ಬೆನ್ನಿನ ಬೆಳ್ಳಿ ಹಾಳೆಯವು. ಒಂದರ ಮೇಲೆ ಅತ್ತಿಗೆ ನುಂಗುತ್ತಿದ್ದ ಮಾತ್ರೆಯ ಅರ್ಧ ಹೆಸರು ಓದುವಂತಿತ್ತು. ಹಳೆಯ ಚೂರುಗಳು ತೊಳೆಯುವಾಗ ಪುಡಿಯಾಗಿರಬೇಕು.

ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಅವಳು ನನ್ನಿಂದ ಚಿಕ್ಕ ಕತ್ತರಿ ಇಸಕೊಂಡಿದ್ದಳು. ಉಗುರಿಗೆ ಅಂದಿದ್ದಳು. ತಾನೇ ತಲೆ ಬಾಚಿಕೊಳ್ಳಲಾಗದವಳು ಇದನ್ನು ಬಿಚ್ಚಿ, ತೊಳೆದು, ಜೋಡಿಸಿಟ್ಟು, ಇವನು ತಾನಾಗಿಯೇ ನೋಡಿ ಬೆಚ್ಚಲಿ ಎಂದು ಬಾಯಿ ಮುಚ್ಚಿಕೊಂಡು ಕಾದಿದ್ದಾಳೆ. ಅಂಥ ಮಾತಿನ ಮಲ್ಲಿ.

"ಬೂಷ್ಟೇ ಇರ್ಲಿಲ್ಲ ಪುಟ್ಟಿ," ಅಂದ ಅಣ್ಣ. ನನ್ನ ತಲೆ ನರೆತರೂ ಅವನಿಗೆ ನಾನು ಪುಟ್ಟಿಯೇ. "ಅವಳನ್ನ ಬಿಟ್ಟು ಒಬ್ನೇ ಮೇಲೆ ಹೋಗೋಕೆ ಆಗ್ಲಿಲ್ಲ. ಅದಕ್ಕೆ ಹಂಗಂದೆ."

ಗಿರಾಕಿಗೆ ಕನ್ನಡಕದ ನಂಬರು ಹೇಳುವ ದನಿಯಲ್ಲೇ ಹೇಳಿದ. ನನಗೆ ಸಿಟ್ಟು, ಅಳು ಎರಡೂ ಒತ್ತರಿಸಿ ಬಂದವು. ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ತಿರುಗಿ ಬಂದಾಗ ಅವನು ಹೊಸ ತಗಡು ಕತ್ತರಿಸುತ್ತಿದ್ದ. ಅವಳ ಚೂರುಗಳಲ್ಲಿ ಒಂದು ಮಡಚಿಕೊಂಡು ದಪ್ಪವಾಗಿದೆ, ಗಾಜು ಒಂದು ಪಕ್ಕಕ್ಕೆ ವಾಲಿ ನಕ್ಷತ್ರಕ್ಕೆ ಬಾಲ ಬರುತ್ತದೆ ಎಂದು ವಿವರಿಸಿದ. ಅವನ್ನು ಎಸೆದರೆ ಜಗಳ ತೆಗೆಯಲೇಬೇಕೆಂದು ನಾನು ಕಾದೇ ಇದ್ದೆ. ಮೂರನ್ನೂ ತನ್ನ ಕನ್ನಡಕದ ಡಬ್ಬಿಯಲ್ಲಿ ಹಾಕಿ ಜೇಬಿಗಿಳಿಸಿದ. ಮುಖದಲ್ಲಿ ಆಗಲೂ ಏನೂ ಇರಲಿಲ್ಲ.

ಕತ್ತಲಾಗುತ್ತಿದ್ದಂತೆ ದುರ್ಬೀನು ತಾರಸಿಗೆ ಹೋಯಿತು. ನಾನು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಅಣ್ಣ ಬಹಳ ಹೊತ್ತು ಬಗ್ಗಿ ಕೊಳವೆ ತಿರುಗಿಸುತ್ತಿದ್ದ. ಆಮೇಲೆ ತಟ್ಟನೆ ಪಕ್ಕಕ್ಕೆ ಸರಿದು ಮೆಟ್ಟಿಲ ಕಡೆ ಕೈ ಚಾಚಿದ.

"ಇವಳೇ, ಬೇಗ ಬಾ. ಹೋಗ್ಬಿಡತ್ತೆ."

ಅವನಿಗೆ ಗೊತ್ತಾದದ್ದು ಕರೆದ ಮೇಲೆ. ಚಾಚಿದ ಕೈ ಹಾಗೇ ಉಳಿಯಿತು. ಆ ಕರೆಗೆ ಓಗೊಡಬೇಕಾದವಳು ನಾನಲ್ಲ, ಆದರೆ ಯಾರಾದರೂ ಹೋಗಲೇಬೇಕಿತ್ತು. ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿ ಓಡಿಹೋಗಿ ಕಣ್ಣಿಟ್ಟೆ. ನಕ್ಷತ್ರ ಆಗಲೇ ದಾಟಿಹೋಗಿತ್ತು. ಒಳಗೆ ಬರೀ ಕಪ್ಪು.

"ಕಾಣ್ತಾ?" ಬೆನ್ನ ಹಿಂದೆ ಅಣ್ಣನ ದನಿ ಒಡೆದಿತ್ತು.

"ಕಾಣ್ತು," ಅಂದೆ. ಅವನು ಅತ್ತು ಮುಗಿಸುವವರೆಗೂ ಕಣ್ಣು ತೆಗೆಯಲಿಲ್ಲ.