ಮಾವನ ಪರೀಕ್ಷೆಯಲ್ಲಿ ನಾನು ಮಾಡಿದ ಸನ್ನೆ

ಆಗ ಸೊಲ್ಲಾಪುರದ ಗಿರಣಿಯಲ್ಲಿ ನನಗೆ ಮೊದಲ ಪಾಳಿ. ಬೆಳಗಿನ ಏಳಕ್ಕೆ ಮಗ್ಗದ ಮುಂದೆ ನಿಂತರೆ ಮೂರೂವರೆಗೆ ಪಾಳಿ ಬಿಡುವ ಭೋಂಗಾ ಕೂಗುವವರೆಗೆ ಕೂಡುವ ಮಾತಿಲ್ಲ. ಅದು ಸಾಲದೆಂದು ಆ ವರ್ಷ ಊರಿನ ಕಾಲೇಜಿನವರು ಗಿರಣಿ ಕೆಲಸಗಾರರಿಗೆಂದೇ ನಾಲ್ಕರಿಂದ ಆರರವರೆಗೆ ನೇಕಾರಿಕೆಯ ತರಗತಿ ತೆರೆದರು. ಪಾಸಾದವರೇ ಇನ್ನು ಮುಂದೆ ಜಾಬರ್, ಅಂದರೆ ಕೆಟ್ಟ ಮಗ್ಗ ಸರಿಮಾಡುವ ಮೇಸ್ತ್ರಿ, ಎಂದು ಗಿರಣಿಯವರು ಸಾರಿಬಿಟ್ಟರು. ನಮ್ಮ ಖಾತೆಯಿಂದ ನನ್ನ ಜೊತೆ ನನ್ನ ಸೋದರಮಾವನನ್ನೂ ಕಳಿಸಿದರು.

ಮಾವ ಆಗಲೇ ಜಾಬರ್ ಆಗಿದ್ದ. ನಮ್ಮೂರು ಮೈಂದರ್ಗಿಯಿಂದ ನನ್ನನ್ನು ಕರೆತಂದು ಗಿರಣಿಗೆ ಹಚ್ಚಿ, ಮಗ್ಗ ಕಲಿಸಿದವನು ಅವನೇ. ವಯಸ್ಸು ಐವತ್ತು ದಾಟಿತ್ತು. ಪಾಸಾಗದಿದ್ದರೆ ಇದ್ದ ಜಾಗ ಹೋಗುತ್ತಿತ್ತು. ನನಗೆ ಕಳೆದುಕೊಳ್ಳುವುದೇನೂ ಇರಲಿಲ್ಲ. "ಗಿಡ ಇದ್ದಾಗ ಬಗ್ಗದ್ದು ಮರ ಆದಮ್ಯಾಲ ಬಗ್ಗತೈತೇನು?" ಎಂದು ಖಾತೆಯವರು ಅವನನ್ನು ಕಾಡುತ್ತಿದ್ದರು.

ನನಗಂತೂ ಬೆಂಚಿನ ಮೇಲೆ ಕೂತ ಕೂಡಲೇ ಕಣ್ಣು ಎಳೆಯುತ್ತಿತ್ತು. ಕಲಿತರೆ ಒಳ್ಳೆಯದು ಎನ್ನುವವರು ಎಂಟು ತಾಸು ನಿಂತು ಬಂದು ಆಮೇಲೆ ಹೇಳಲಿ ಎಂದು ಸಿಟ್ಟು ಬರುತ್ತಿತ್ತು. ಮಾವ ಮಾತ್ರ ನೆಟ್ಟಗೆ ಕೂಡುತ್ತಿದ್ದ. ಆದರೆ ಮಗ್ಗಗಳ ಸದ್ದಿನಲ್ಲಿ ಮೂವತ್ತು ವರ್ಷ ಕಳೆದು ಅವನ ಕಿವಿ ಮಂದವಾಗಿತ್ತು. ಗಿರಣಿಯಲ್ಲಿ ಅದು ಅಡ್ಡಿಯಲ್ಲ. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು, ಎಲ್ಲರೂ ತುಟಿ ನೋಡಿ, ಕೈಸನ್ನೆ ಮಾಡಿಯೇ ಮಾತಾಡುತ್ತಿದ್ದೆವು. ತರಗತಿಯಲ್ಲಿ ಮಾಸ್ತರರು ಹಲಗೆಗೆ ಮುಖ ಮಾಡಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಮಾವನಿಗೆ ಹಾಗೆಯೇ ಸನ್ನೆಯಲ್ಲಿ ದಾಟಿಸುತ್ತಿದ್ದೆ.

ಒಂದು ದಿನ ಲಾಳಿ ಯಾಕೆ ಹಾರುತ್ತದೆ ಎಂಬ ಪಾಠ. ಹಾಸಿನ ಎಳೆಗಳು ಪೂರ್ತಿ ಬಾಯಿ ಬಿಟ್ಟು ದಾರಿ ಕೊಡುವ ಮೊದಲೇ ಲಾಳಿಗೆ ಪೆಟ್ಟು ಬಿದ್ದರೆ ಅದು ಹೊರಗೆ ಹಾರಿ ಯಾರದಾದರೂ ಕಣ್ಣು ತೆಗೆಯುತ್ತದೆ ಎಂದು ಮಾಸ್ತರರು ಚಿತ್ರ ಬರೆದು ತೋರಿಸಿದರು. ಮನೆಗೆ ಬರುವಾಗ ಮಾವ, "ಇಷ್ಟ ವರ್ಷ ಕೈಲೆ ಸರಿ ಮಾಡಾಕತ್ತಿದ್ನಿ, ಯಾಕಂತ ಇವತ್ತ ತಿಳೀತು ನೋಡು ತಮ್ಮಾ" ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷ ನಾನು ಎಂದೂ ಕಂಡಿರಲಿಲ್ಲ.

ಪರೀಕ್ಷೆ ಬಾಯಿಮಾತಿನದು. ನನ್ನದು ಮುಗಿದು ಪಾಸೆಂದು ಬರೆದಾಗಿತ್ತು, ಮುಗಿದವರು ಆರೇಳು ಮಂದಿ ಗೋಡೆಗೆ ನಿಂತಿದ್ದೆವು. ಪರೀಕ್ಷಕ ಸಾಹೇಬರು ಕಾಗದದಿಂದ ತಲೆ ಎತ್ತದೆ ಮಾವನನ್ನು ಕೇಳಿದರು: ಲಾಳಿ ಯಾಕೆ ಹಾರುತ್ತದೆ? ಮಾವನಿಗೆ ಕೇಳಿಸಲಿಲ್ಲ. ನನ್ನತ್ತ ನೋಡಿದ. ರೂಢಿಯ ಕೈ, ತಾನಾಗಿಯೇ ಎದ್ದಿತು. ಅಂಗೈ ಅಡ್ಡ ಹಾಯಿಸಿ, ಮೇಲಕ್ಕೆ ಹಾರಿಸಿ, ಯಾಕೆಂದು ಬೆರಳು ತಿರುವಿದೆ. ನಾನು ದಾಟಿಸಿದ್ದು ಬರೀ ಪ್ರಶ್ನೆ. ಅಷ್ಟರಲ್ಲಿ ಸಾಹೇಬರು ತಲೆ ಎತ್ತಿದರು, ಗೋಡೆಯ ಕಡೆ ಕೈಯೊಂದು ಇಳಿದದ್ದು ಕಂಡರು, ಯಾರದೆಂದು ಕಾಣಲಿಲ್ಲ. ಉತ್ತರ ಹೇಳಿಕೊಟ್ಟವರು ಯಾರೆಂದು ಗದರಿದರು.

"ನಾನ್ರಿ. ಮಾವಗ ಕಿವಿ ಕೇಳಂಗಿಲ್ರಿ, ಪ್ರಶ್ನಿ ಅಷ್ಟ ಹೇಳೀನ್ರಿ" ಎನ್ನಬೇಕಿತ್ತು. ನಾನು ನೆಲ ನೋಡಿದೆ. ಸಾಹೇಬರು ಮಾವನ ಹೆಸರಿನ ಮೇಲೆ ಗೆರೆ ಎಳೆದರು. ಉತ್ತರ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಮುಂದಿನವನನ್ನು ಕರೆದಾಗಿತ್ತು. ಆ ದಿನ ದಣಿದಿದ್ದೆ, ನಾಲಿಗೆ ಏಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ದಣಿವಲ್ಲ ಅದು, ನನ್ನ ಹೆಸರಿನ ಮೇಲೂ ಗೆರೆ ಬಿದ್ದೀತೆಂಬ ಹೆದರಿಕೆ.

"ಹೋಗ್ಲಿ ಬಿಡು, ಮನ್ಯಾಗ ಒಬ್ಬನರೆ ಪಾಸಾದ್ಯಲ್ಲ" ಎಂದ ಮಾವ, ಹೊರಗೆ ಬಂದ ಮೇಲೆ.

ಮುಂದಿನ ತಿಂಗಳು ಅವನ ಜಾಗಕ್ಕೆ ನನ್ನನ್ನು ಹಾಕಿ, ಅವನನ್ನು ನೇಕಾರನ ಕೆಲಸಕ್ಕೆ ಇಳಿಸಿ ಎರಡು ಮಗ್ಗ ಕೊಟ್ಟರು. ನೇಕಾರ ತಾನೇ ಪಾನಾ ಹಿಡಿದು ಮಗ್ಗದ ತಿರುಪು ಬಿಗಿಯುವಂತಿರಲಿಲ್ಲ, ಜಾಬರನನ್ನೇ ಕರೆಯಬೇಕು. ಮೊದಲ ವಾರವೇ ಮಾವನ ಮಗ್ಗ ನಿಂತಿತು. ಎರಡು ತಿರುವಿನ ಕೆಲಸ, ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೈ ಹಿಂದೆ ಕಟ್ಟಿಕೊಂಡು ನನ್ನ ದಾರಿ ಕಾಯುತ್ತ ನಿಂತಿದ್ದ. ನಾನು ಹತ್ತಿರ ಹೋದಾಗ ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಎತ್ತಿ ಆಡಿಸಿದ ಮಾವ, "ಬರ್ರಿ ಜಾಬರ್" ಎಂದ.